ಸರಿಸದೆ ಬಿಟ್ಟ ಫಲಕ

ಅಕ್ಕಾ,

ಕಾಲುನೋವು ಬಿಟ್ಟರೆ ಆರಾಮಾಗಿದ್ದೀನಿ.

ನೆರವು ಹಂಚೋ ನಮ್ಮ ಸಭೆಯಿಂದ ದೊಡ್ಡ ದೇಶವೊಂದು, ನಿಮ್ಮ ಸಹವಾಸವೇ ಸಾಕು ಅಂತ ಎದ್ದುಹೋಯ್ತು. ಅದರ ಕುರ್ಚಿ ತೆಗೆದು, ಉಳಿದ ದೇಶಗಳ ಹೆಸರಿನ ಫಲಕಗಳನ್ನು ಸಾಲು ತುಂಬೋ ಹಾಗೆ ನಾನೇ ಒಂದೊಂದು ಜಾಗ ಪಕ್ಕಕ್ಕೆ ಸರಿಸಿಟ್ಟೆ. ಮಾರನೇ ದಿನ ಬಡ ದೇಶದ ಮುದುಕರೊಬ್ಬರು ಅಭ್ಯಾಸದಂತೆ ಹಳೇ ಜಾಗದಲ್ಲೇ ಕೂತರು. ಈಗ ಅಲ್ಲಿದ್ದದ್ದು ಶ್ರೀಮಂತ ದೇಶದ ಫಲಕ, ಆ ದೇಶದವರಿನ್ನೂ ಬಂದಿರಲಿಲ್ಲ. ಮಕ್ಕಳ ಔಷಧಿ ನಿಲ್ಲಿಸಬೇಡಿ ಅಂದರು ಮುದುಕರು. ವರ್ಷಗಟ್ಟಲೆ ಇದೇ ಮಾತಿಗೆ ಆಕಳಿಸಿದವರೆಲ್ಲ ಈ ಸಲ ಮುಂದಿದ್ದ ಫಲಕ ನೋಡಿ ಬರೆದುಕೊಂಡರು. ಫಲಕ ಸರಿಮಾಡು ಅಂತ ನಮ್ಮ ಸಾಹೇಬರು ಕಣ್ಸನ್ನೆ ಮಾಡಿದರು. ನಾನು ಕಂಡೂ ಕಾಣದ ಹಾಗೆ ನಿಂತೆ.

ಇನ್ನು ಕೆಲಸಕ್ಕೆ ಬರಬೇಡ ಅಂದಿದ್ದಾರೆ. ನಿನ್ನ ಮಹಡಿ ಕೋಣೆ ಖಾಲಿ ಇದೆಯಾ? ಮಂಚ ಬೇಡ, ಚಾಪೆ ಸಾಕು. ಕುರ್ಚಿ ಮಾತ್ರ ಒಂದಿರಲಿ. ಇಷ್ಟು ವರ್ಷ ಹಾಕಿದ್ದೇ ಆಯ್ತು, ಕೂತದ್ದಿಲ್ಲ.

ನಿನ್ನ ತಮ್ಮ