ಮೂರನೆಯ ಹಾಡಿನೊಳಗಿನ ಜಾಗ

ಎಲ್ ಅತಾಯಾ, ಕೆರ್ಕೆನ್ನಾ ದ್ವೀಪ
ಮಾರ್ಚ್ 14

ಗಂಟಲಿಗೆ ಎಂದೂ ನೆಗಡಿ ತಾಗದಿರಲಿ ಎಂದು ಹರಸುತ್ತ, ನನ್ನ ಅಣ್ಣನ ಮಗಳು ಶೀರಾಝ್‌ಗೆ,

ಕಾಗದ ತಡವಾಯಿತು, ಕೋಪ ಮಾಡಿಕೊಳ್ಳಬೇಡ. ಇಟಲಿಯ ರಾಜ ನನ್ನನ್ನು ಅರಮನೆಗೆ ಹಾಡಲು ಕರೆಸಿದ್ದ. ನನಗೆ ಪುರುಸೊತ್ತಿಲ್ಲ ಎಂದು ಅವನನ್ನು ಸಮಾಧಾನ ಮಾಡುವಷ್ಟರಲ್ಲಿ ಎರಡು ತಿಂಗಳು ಹೋಯಿತು. ಇಟಲಿಯಲ್ಲಿ ಈಗ ರಾಜನೇ ಇಲ್ಲವೆಂದು ನಿನ್ನ ಅಮ್ಮ ನಗುತ್ತಾಳೆ. ನಾನು ಹೋಗಲಿಲ್ಲವೆಂಬ ದುಃಖಕ್ಕೆ ಗದ್ದುಗೆ ಬಿಟ್ಟಿರಬೇಕು, ಪಾಪ.

ನಿಮ್ಮ ತಂಡದ ಆಲ್ಬಮ್ ಇಲ್ಲಿನ ಕಾಫಿ ಅಂಗಡಿಯಲ್ಲಿ ಬೆಳಗಾದರೆ ಶುರು. ಟ್ಯೂನಿಸ್‌ನಿಂದ ಬರುವ ಹುಡುಗ ಹುಡುಗಿಯರು ಫೆರ್ರಿ ಇಳಿದವರೇ, ಮೂರನೆಯ ಹಾಡಿನಲ್ಲಿ ಮಾತಾಡುವ ಮುದುಕ ಯಾರೆಂದು ಕೇಳುತ್ತಾರೆ. ಪತ್ರಿಕೆಯವನು ಬರೆದದ್ದನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಆಲ್ಬಮ್ಮಿನ ಜೀವವೇ ಆ ಮುದುಕನ ದನಿಯಂತೆ. ನನ್ನನ್ನು ಹೊಗಳುವ ಭರದಲ್ಲಿ ನಿನ್ನನ್ನು ಕೊಂಚ ಮರೆತಿದ್ದಾನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇನ್ನು ನೀನು ಕೇಳಿದ್ದಕ್ಕೆ ಬರುತ್ತೇನೆ. "ಚಿಕ್ಕಪ್ಪಾ, ಆ ಹಾಡಿಂದ ನಿಂಗೆ ನಷ್ಟ ಆಯ್ತಂತೆ, ನಿಜಾನಾ? ಹೌದು ಅಂದ್ರೆ ಸಾಕು, ಎರಡ್ನೇ ಅಚ್ಚಿಗೆ ಹಾಡನ್ನೇ ತೆಗೆದುಬಿಡ್ತೀವಿ, ಎಲ್ಲ ಕಡೆಯಿಂದ್ಲೂ ಅಳಿಸ್ತೀವಿ" ಎಂದು ಬರೆದಿದ್ದೀಯ. ಶುಕ್ರವಾರದೊಳಗೆ ಉತ್ತರ ಬೇಕು ಅಂದಿದ್ದೀಯ. ಇವತ್ತು ಮಂಗಳವಾರ.

ಹೋದ ಬೇಸಿಗೆಯಲ್ಲಿ ನೀನು ನಮ್ಮ ದೋಣಿಯಲ್ಲಿ ಕೂತು, ಮೈಕು ಹಿಡಿದು, ಬಾಯಿಗೆ ಬಂದದ್ದು ಹೇಳು ಅಂದೆ. ನನ್ನ ಬಾಯಿ ನಿನಗೆ ಗೊತ್ತಲ್ಲ. ತಿಮಿಂಗಿಲದ ಕಪಾಳಕ್ಕೆ ಬಾರಿಸಿದ್ದು, ಈಜಿಕೊಂಡು ಮಾಲ್ಟಾಕ್ಕೆ ಹೋಗಿ ಉಪ್ಪು ಕೊಂಡು ತಂದದ್ದು, ಎಲ್ಲ ಎರಡು ಗಂಟೆ ಕೊಚ್ಚಿದೆ. ಅದರ ನಡುವೆ, "ಮಿನಾರನ್ನ ಒಂಟಿ ಖರ್ಜೂರದ ಬೆನ್ನಿಗೆ ಅಡಗಿಸು, ಮುರಿದ ದೀಪಸ್ತಂಭ ಬಲಗಿವಿಗೆ ನೇರ ಬಂತಾ, ಅಲ್ಲೇ ಹಗ್ಗ ಬಿಡು" ಎಂದೂ ಒದರಿದೆ. ನನ್ನ ಸುಳ್ಳುಗಳನ್ನೆಲ್ಲ ಕತ್ತರಿಸಿ ಎಸೆದು, ಅದರಲ್ಲಿದ್ದ ಒಂದೇ ಒಂದು ನಿಜವನ್ನು ನೀವು ಹಾಡಿಗೆ ಇಟ್ಟುಕೊಂಡಿರಿ. ನಿಮಗದು ಕವಿತೆಯ ಹಾಗೆ ಕೇಳಿಸಿತು. ಅದು ನಮ್ಮ ಜಾಗದ ಗುರುತೆಂದು ನಿನಗೆ ಯಾರೂ ಹೇಳಿರಲಿಲ್ಲ, ತಪ್ಪು ನಿನ್ನದಲ್ಲ. ಆಕ್ಟೋಪಸ್ ಹಿಡಿಯಲು ಗಡಿಗೆ ಇಳಿಸುವ ಜಾಗವನ್ನು ನಮ್ಮಲ್ಲಿ ಸಾಯುವವರು ಉಳಿಯುವವರ ಕಿವಿಯಲ್ಲಿ ಹೇಳಿ ಹೋಗುತ್ತಾರೆ. ನಿನ್ನ ಅಪ್ಪ ನನ್ನ ಕಿವಿಯಲ್ಲಿ ಹೇಳಿದ್ದ.

ಜನವರಿಯ ಒಂದು ಬೆಳಿಗ್ಗೆ ಹೋಗಿ ನೋಡಿದರೆ ಅಲ್ಲಿ ಆಚೆ ದಡದ ಮೋಟಾರು ದೋಣಿ. ಇಬ್ಬರು ಗಂಡಸರು ತಾವು ಇಳಿಸಿದ್ದ ಗಡಿಗೆ ಎತ್ತುತ್ತಿದ್ದಾರೆ. ಅವರ ದೋಣಿಯೊಳಗಿಂದ ನನ್ನದೇ ದನಿ, "ಅಲ್ಲೇ ಹಗ್ಗ ಬಿಡು" ಎನ್ನುತ್ತಿದೆ! ಮೈ ಉರಿದುಹೋಯಿತು.

"ಯಾರ ಜಾಗ ಅಂದ್ಕೊಂಡಿದ್ದೀರೋ, ಕಳ್ಳ ನನ್ಮಕ್ಳಾ?" ಎಂದು ಕೂಗಿದೆ.

ಚುಕ್ಕಾಣಿ ಹಿಡಿದವನು ತಲೆ ಎತ್ತಿದ. "ಅರೆ, ಹಾಡಿನ ಅಜ್ಜ! ನೀನೇ ದಾರಿ ಹೇಳಿದ್ಯಲ್ಲಜ್ಜಾ, ಬಂದ್ವಿ."

"ಅದು ನಮ್ಮಪ್ಪಂದು! ಎತ್ಕೊಂಡು ನಡೀರಿ!"

"ದೇಶಕ್ಕೆಲ್ಲ ಸಾರಿ, ಈಗ ಗುಟ್ಟು ಅಂದ್ರೆ ಹೆಂಗೆ? ನಮ್ಮ ಹಿಂದೆ ಇನ್ನೂ ನಾಕು ದೋಣಿ ಬರ್ತಾ ಅವೆ, ನೋಡು."

ನಾನು ಕೊಕ್ಕೆಕೋಲು ಎತ್ತಿದೆ. ಅವನ ಜೊತೆಗಾರ ಚಾಕು ತೆಗೆದ. ನಡುವೆ ಇದ್ದದ್ದು ಒಂದು ಮಾರು ನೀರು. ಅಷ್ಟರಲ್ಲಿ ಚುಕ್ಕಾಣಿಯವನು ಫೋನು ಹಿಡಿದು, "ಅಜ್ಜಾ, ಹಂಗೇ ನಿಲ್ಲು, ಒಂದೇ ಒಂದು ಫೋಟೋ! ಇಲ್ದಿದ್ರೆ ನನ್ ಹೆಂಡ್ತಿ ನಂಬಲ್ಲ" ಅಂದ.

ಹೇಗೆ ಹೇಳಲಿ, ಶೀರಾಝ್. ನಾನು ಕೋಲು ಇಳಿಸಿ ಟೋಪಿ ನೆಟ್ಟಗೆ ಮಾಡಿಕೊಂಡೆ.

ಕಾಫಿ ಅಂಗಡಿಯಲ್ಲಿ ನನ್ನ ಇಸ್ಪೀಟಿನ ಜೊತೆಗಾರ ಬೆಲ್ಗಾಸೆಮ್ ಇವತ್ತಿಗೂ ನನ್ನನ್ನು ಬಿಡುವುದಿಲ್ಲ. "ಹಾಡಿದೋರಿಗೆ ಜನ ದುಡ್ಡು ಕೊಡೋದು ನೋಡಿದ್ದೆ ಕಣೋ ಖಮೀಸ್, ಹಾಡಿದೋನೇ ಊರಿಗೆಲ್ಲ ಕೊಡೋದು ಇದೇ ಮೊದಲು ನೋಡ್ತಿರೋದು" ಎನ್ನುತ್ತಾನೆ. ಅವನಿಗೆ ಹೊಟ್ಟೆಕಿಚ್ಚು. ಅವನ ದನಿ ಯಾರಿಗೆ ಬೇಕಾಗಿದೆ?

ನಷ್ಟ ಎಷ್ಟೆಂದರೆ, ನಿನ್ನ ಅಮ್ಮನಿಗೂ ಹೇಳಿದ್ದೇನೆ, ಇನ್ನೂರು ದಿನಾರ್. ಅಷ್ಟನ್ನು ನಾನು ಇಸ್ಪೀಟಿನಲ್ಲೇ ಕಳೆಯುತ್ತೇನೆ. ಹಾಡು ಇರಲಿ, ಮುಟ್ಟಬೇಡ. ಹೇಗೂ ಆ ಜಾಗವನ್ನು ಕೊನೆಗೆ ನಿನ್ನ ಕಿವಿಯಲ್ಲೇ ಹೇಳಬೇಕಿತ್ತು. ಕೊಂಚ ಜೋರಾಗಿ ಹೇಳಿದೆ, ಅಷ್ಟೆ.

ನಿನ್ನ ದನಿ ಹೋದಲ್ಲೆಲ್ಲ ಬಾಗಿಲು ತೆರೆಯಲಿ. ಚಳಿಯಲ್ಲಿ ತಲೆಗೆ ಬಟ್ಟೆ ಕಟ್ಟಿಕೋ.

ನಿನ್ನ ಚಿಕ್ಕಪ್ಪ,
ಖಮೀಸ್

ತಾ.ಕ.: ಹಾಡಿನಲ್ಲಿ ನನ್ನ ಮಾತು ಮುಗಿದ ಮೇಲೆ ಕಿರ್ರ್, ಕಿರ್ರ್ ಎಂದು ಸದ್ದು ಬರುತ್ತದಲ್ಲ, ಪತ್ರಿಕೆಯವನು ಅದನ್ನು ಯಾವುದೋ ಹೊಸ ವಾದ್ಯ ಎಂದು ಬರೆದಿದ್ದಾನೆ. ಅದು ನಮ್ಮ ದೋಣಿಯ ಹಿಂಬದಿಯ ಹಲಗೆ. ನಿನ್ನ ಅಪ್ಪ ಮೊಳೆ ಹೊಡೆದದ್ದು, ಎಷ್ಟು ಸಲ ಹೇಳಿದರೂ ಸರಿ ಮಾಡಿರಲಿಲ್ಲ. ನಾನೂ ಮಾಡಲಿಲ್ಲ. ಕಳೆದ ಗುರುವಾರ ದೋಣಿಯನ್ನು ಮಾರಿದೆ. ಕೊಂಡವನು ಮೊದಲು ಆ ಹಲಗೆಯನ್ನೇ ಕಿತ್ತು ಹಾಕಿದ. ಈಗ ಆ ಸದ್ದು ನಿಮ್ಮ ಮೂರನೆಯ ಹಾಡಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅದಕ್ಕೇ ತೆಗೆಯಬೇಡ ಅಂದದ್ದು. ಅಮ್ಮನಿಗೆ ಇದನ್ನು ಓದಿ ಹೇಳಬೇಡ. ಕಳೆದುಕೊಂಡದ್ದು ಇನ್ನೂರಲ್ಲ ಮಗಳೇ, ಒಂಬತ್ತು ಸಾವಿರದ ಆರುನೂರು ದಿನಾರ್.