ಗೋಡೆಯ ಮೂಲೆಯ ಹೆಸರು

ಕುಪ್ಪೇಲೂರು
ಭಾನುವಾರ, 23-7-2006

ರಹಿಮಾನ ಕಾಕಾ,

ಆರು ತಿಂಗಳ ಹಿಂದೆ ನಿಮ್ಮನ್ನು ಕಳ್ಳ ಎಂದವಳು ಇವತ್ತು ಕಾಕಾ ಎಂದು ಬರೆಯುತ್ತಿದ್ದೇನೆ. ಓದಲು ಮನಸ್ಸು ಬಾರದಿದ್ದರೆ ನಿಮ್ಮ ಮಗಳು ಹೀನಾ ಅಕ್ಕನಿಂದಲಾದರೂ ಓದಿಸಿ ಕೇಳಿ.

ಮೊದಲು ನನ್ನ ಕಳವನ್ನು ಹೇಳಿಬಿಡುತ್ತೇನೆ. ಜನವರಿಯ ಆ ಭಾನುವಾರ, ನೀವು ಮದುವೆಗೆಂದು ಬ್ಯಾಡಗಿಗೆ ಹೋಗಿದ್ದಾಗ, ನಾನು ಬ್ರಷ್ ಹಿಡಿಯಲು ಕಲಿತ ನಿಮ್ಮ ಬೋರ್ಡು ಬರೆಯುವ ಅಂಗಡಿಯಿಂದಲೇ ಏಣಿ, ನಾಲ್ಕು ಡಬ್ಬಿ ಬಣ್ಣ, ಎರಡು ಬ್ರಷ್ ಒಯ್ದವಳು ನಾನೇ. ಮಾರಾಟವಾಗದೆ ಉಳಿದ ಬೀಜವನ್ನು, ಔಷಧ ಹಚ್ಚಿದ ಆ ಗುಲಾಬಿ ಕಾಳನ್ನು, ಬೀಜದ ಕಂಪನಿಯವರು ಕೆರೆಯ ಅಂಚಿಗೆ ಸುರಿದಿದ್ದರು. ಅದನ್ನು ತಿಂದು ಸತ್ತ ಬೆಳವ ಹಕ್ಕಿಗಳನ್ನು ನಾನು ಕೈಯಲ್ಲಿ ಎತ್ತಿ ನೋಡಿದ್ದೆ. ಆ ಕಂಪನಿಯ ಕಾಂಪೌಂಡಿನ ಮೇಲೆ, ನೀವೇ ಬರೆದ ಜಾಹೀರಾತಿನ ಪಕ್ಕದಲ್ಲಿ, ಅಂಗಾತ ಬಿದ್ದ ಎರಡು ಬೆಳವಗಳನ್ನು ಬರೆದೆ. ಕೆಳಗೆ ಆಳೆತ್ತರದ ಅಕ್ಷರ: "ಬಿತ್ತಿದ್ದು ಬೀಜ, ಬೆಳೆದದ್ದು ಸಾವು."

ಹಾಡಹಗಲೇ ಬರೆದೆ. ನಿಮ್ಮ ಏಣಿಯ ಗುರುತು ಹಿಡಿದ ಕಾವಲುಗಾರ ಡಾಕಪ್ಪ ಇದು ಕಂಪನಿಯದೇ ಕೆಲಸ ಎಂದುಕೊಂಡ. ಅವನಿಗೆ ಓದು ಬಾರದು. ಚಹಾ ತಂದುಕೊಟ್ಟು, "ಹಕ್ಕಿ ಭಾಳ ಚಂದ ಮಲಗ್ಯಾವ ನೋಡವಾ" ಎಂದು ಮೆಚ್ಚಿಕೊಂಡ.

ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ಗೋಡೆಯ ಮೂಲೆಯಲ್ಲಿ ಹಸಿ ನೀಲಿ ಬಣ್ಣದಲ್ಲಿ "ರಹಿಮಾನ ಆರ್ಟ್ಸ್, ರಾಣೆಬೆನ್ನೂರು" ಎಂದಿತ್ತು. ನನ್ನ ಮೈ ಉರಿಯಿತು. ಕಲಾವಿದ ಒಂದು ಪಕ್ಷ ಹಿಡಿಯಲೇಬೇಕು ಎಂದು ಹೋರಾಟದ ಕರಪತ್ರಗಳಲ್ಲಿ ಓದಿಕೊಂಡು ಬೆಳೆದವಳು ನಾನು. ನೀವೋ ಗುಡಿಗೂ ದರ್ಗಾಕ್ಕೂ, ಚುನಾವಣೆಗೆ ನಿಂತ ಎಲ್ಲರಿಗೂ ಅದೇ ಬ್ರಷ್ಷಿನಲ್ಲಿ ಬರೆಯುವವರು. ಕೇಳಿದರೆ, "ಗ್ವಾಡಿಗೆ ಪಕ್ಷ ಇರೂದಿಲ್ಲವಾ, ಸುಣ್ಣ ಇರತೈತಿ" ಎಂದು ನಗುತ್ತಿದ್ದಿರಿ. ಇಂಥವರು ನನ್ನ ಸಿಟ್ಟಿಗೂ ತಮ್ಮ ಹೆಸರು ಹಚ್ಚಿಕೊಂಡರಲ್ಲ ಎಂದು ಅಂಗಡಿಗೆ ನುಗ್ಗಿ, ಕಳ್ಳ ಎಂದು ಕೂಗಾಡಿದೆ. ನೀವು ಎದ್ದು ಹೋಗಿ ಶಟರ್ ಎಳೆದಿರಿ. ನಾಚಿಕೆಗೆ ಎಳೆದಿರಿ ಎಂದುಕೊಂಡೆ. ಕೊನೆಗೆ ನೀವು ಹೇಳಿದ್ದು ಇಷ್ಟೇ: "ಮುಗೀತೇನವಾ? ಮುಂದಿನ ಸರ್ತಿ 'ಸಾ'ದ ಹೊಟ್ಟಿ ಸಣ್ಣದು ಮಾಡು."

ಆ ಚಿತ್ರ ನನ್ನದು ಎಂದು ಹೊರಗೆ ಯಾರಿಗೂ ಹೇಳಲಿಲ್ಲ. ಅದನ್ನು ಸ್ವಾಭಿಮಾನ ಎಂದು ಕರೆದುಕೊಂಡೆ. ಹೆದರಿಕೆ ಅದು, ಕಾಕಾ.

ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ಡಾಕಪ್ಪ ಸಿಕ್ಕ. ಆ ಭಾನುವಾರ ಸಂಜೆ ಯಾರೋ ಬರಹ ಓದಿ ಹೇಳಿದಾಗ ಅವನು ನಿಮ್ಮ ಮನೆಗೆ ಓಡಿಬಂದನಂತೆ. ನೀವು ಮದುವೆಯ ಅಂಗಿಯಲ್ಲೇ ಸೈಕಲ್ ಹತ್ತಿ, ಗೋಡೆಗೆ ಹೆಸರು ಬರೆದು, ಅವನಿಗೆ ಹೇಳಿದಿರಂತೆ: "ಯಾರ ಕೇಳಿದ್ರೂ ರಹಿಮಾನ ಬರದಾನ ಅನ್ನು. ಅಕಿ ಹೇಮಪ್ಪನ ಮಗಳು. ಅಂವ ಒಳಗ ದುಡೀತಾನ." ನೀವು ಶಟರ್ ಎಳೆದದ್ದು ನನ್ನ ಕೂಗು ಬೀದಿಗೆ ಕೇಳದಿರಲಿ ಎಂದು, ಅದು ಆಗ ಹೊಳೆಯಿತು.

ಅಪ್ಪ ಹನ್ನೆರಡು ವರ್ಷದಿಂದ ಬೀಜ ಜರಡಿ ಹಿಡಿಯುವುದು ಅದೇ ಕಂಪನಿಯಲ್ಲಿ. ಏಣಿ ಹತ್ತುವಾಗ ನನಗೆ ಊರು, ಕೆರೆ, ಹಕ್ಕಿ ಎಲ್ಲ ನೆನಪಿತ್ತು. ಅಪ್ಪ ಮಾತ್ರ ನೆನಪಾಗಲಿಲ್ಲ.

ಕೆರೆಗೆ ಬೀಜ ಸುರಿಯುವುದು ಈಗ ನಿಂತಿದೆ. ಆದರೆ ಯಾವ ಬೀಜದ ಕಂಪನಿಯೂ ನಿಮಗೆ ಗೋಡೆ ಕೊಡಲಿಲ್ಲ. ಇಷ್ಟೆತ್ತರದ ಅಕ್ಷರ ಬರೆಯುತ್ತಿದ್ದ ಕೈ ಹಾವೇರಿಯಲ್ಲಿ ಲಾರಿಗಳ ನಂಬರ್ ಪ್ಲೇಟ್ ಬರೆಯುತ್ತಿದೆಯಂತೆ.

ಎಲ್ಲವನ್ನೂ ಅಪ್ಪನಿಗೆ ಹೇಳಿದೆ. ಅವರು ತಟ್ಟೆ ನೋಡುತ್ತಲೇ ಅಂದರು: "ನನಗ ಅವತ್ತ ಗೊತ್ತಾಗಿತ್ತವಾ. ರಹಿಮಾನ ಬಾಯಿ ಬಿಡಬ್ಯಾಡ ಅಂದಿದ್ದ. ನಾನೂ ಬಿಡಲಿಲ್ಲ." ಆಮೇಲೆ ಅವರು ಊಟ ಮಾಡಲಿಲ್ಲ.

ಕಂಪನಿಯವರು ಜನವರಿಯಲ್ಲೇ ಚಿತ್ರದ ಮೇಲೆ ಸುಣ್ಣ ಬಳಿಸಿದ್ದರು. ಆಯಿಲ್ ಪೇಂಟಿನ ಮೇಲೆ ಸುಣ್ಣ ನಿಲ್ಲದು ಎಂದು ನೀವು ಕಲಿಸಿದ್ದು ಖರೇ. ಈ ಮಳೆಗೆ ಅದು ತೊಳೆದುಹೋಗಿ ಬೆಳವಗಳೂ ನಿಮ್ಮ ಹೆಸರೂ ಮತ್ತೆ ಎದ್ದಿವೆ. ಅಲ್ಲಿ ನನ್ನ ಹೆಸರು ಬರೆಯಲೇ, ಕಾಕಾ? ಬರೆದರೆ ನಿಮ್ಮ ಮೇಲಿನ ಅಪವಾದ ಹೋದೀತು, ಅಪ್ಪನ ಕೆಲಸವೂ ಹೋದೀತು. ಇದಕ್ಕೆ ಯಾವ ಕರಪತ್ರದಲ್ಲೂ ಉತ್ತರ ಸಿಗಲಿಲ್ಲ. ನೀವು ಹೇಳಿದಂತೆ ಕೇಳುತ್ತೇನೆ.

ಏಣಿ ಕದ್ದ ನಿಮ್ಮ ಶಿಷ್ಯೆ,
ದ್ರಾಕ್ಷಾಯಿಣಿ

ತಾ.ಕ.: ಬೆಳಿಗ್ಗೆ ಇಷ್ಟು ಬರೆದಿಟ್ಟಿದ್ದೆ. ಈಗ ಸಂಜೆ. ನಿಮ್ಮ ಉತ್ತರಕ್ಕೆ ಕಾಯಲಾಗಲಿಲ್ಲ, ಕ್ಷಮಿಸಿ. ಮಧ್ಯಾಹ್ನ ಹೋಗಿ ಬೆಳವಗಳ ಕೆಳಗೆ "ದ್ರಾಕ್ಷಾಯಿಣಿ ಹೇಮಪ್ಪ, ಕುಪ್ಪೇಲೂರು" ಎಂದು ಬರೆದು ಬಂದೆ. ನಿಮ್ಮ ಹೆಸರು ಅಳಿಸಿಲ್ಲ. ಅದರ ಮೇಲೆ "ಕಲಿಸಿದವರು" ಎಂದಷ್ಟೇ ಸೇರಿಸಿದ್ದೇನೆ. 'ಸಾ'ದ ಹೊಟ್ಟೆಯನ್ನೂ ತಿದ್ದಿದೆ. ಡಾಕಪ್ಪ ಈ ಸಲ ಎರಡು ಚಹಾ ತಂದ, ಏಣಿ ಹಿಡಿದು ನಿಂತವರು ಅಪ್ಪ. ನಾಳೆ ಎಂದಿನಂತೆ ಎಂಟಕ್ಕೇ ಕೆಲಸಕ್ಕೆ ಹೊರಡುತ್ತಾರಂತೆ.