ಮಂಡಕ್ಕಿ ಭಟ್ಟಿಯ ಕೊನೆಯ ಹೊಣೆಗಾರ್ತಿ

ದಾವಣಗೆರೆ
ಸಲ್ಲಿಕೆ ಶಕೆ ೯೪, ಹದಿಮೂರನೇ ತಿಂಗಳ ಎರಡನೇ ಸೋಮವಾರ

ಸಂಬಳದ ತೆರಿಗೆ ಸಲ್ಲಿಸುವ ಕಸುಬಿನ ಹಿರಿಯರಿಗೆ, ಸರ್ವಮಂಗಳೆಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನನ್ನ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಯಂತ್ರವು ಮನುಷ್ಯರ ಬದಲು ತೆರಿಗೆ ಸಲ್ಲಿಸಲು ಆರಂಭಿಸಿದ ವರ್ಷದಿಂದ ನಾವು ಕಾಲವನ್ನು ಎಣಿಸುತ್ತೇವೆ. ನೀವಿನ್ನೂ ಆ ವರ್ಷವನ್ನು ಕಂಡಿಲ್ಲ. ಹದಿಮೂರನೆಯದು ಲೆಕ್ಕ ಮುಗಿಸಲಿಕ್ಕೆಂದೇ ಮಾಡಿದ ತಿಂಗಳು. ಅದರಲ್ಲಿ ಹಬ್ಬವಿಲ್ಲ, ಮದುವೆಯಿಲ್ಲ, ಸಂಬಳವೂ ಇಲ್ಲ, ಹೊಟ್ಟೆ ಮಾತ್ರ ಎಂದಿನಂತೆ ಇರುತ್ತದೆ. ಈ ತಿಂಗಳಲ್ಲಿ ಹಿಂದಿನ ವರ್ಷಗಳ ಸಲ್ಲಿಕೆಗೆ ತಿದ್ದುಪಡಿ ಕಳಿಸಬಹುದು. ಎಷ್ಟು ಹಿಂದಿನ ವರ್ಷಕ್ಕೆ ಎಂದು ಕಾನೂನು ಬರೆದವರು ಹೇಳಲು ಮರೆತಿದ್ದಾರೆ. ಆದ್ದರಿಂದ ಈ ಪತ್ರವನ್ನು ನಿಮ್ಮ ವರ್ಷದ ತಿದ್ದುಪಡಿ ಎಂದು ಸಲ್ಲಿಸುತ್ತಿದ್ದೇನೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ.

ನಮ್ಮ ಊರಿನಲ್ಲಿ ಬಹಳಷ್ಟು ಬದಲಾಗಿದೆ, ಮಂಡಕ್ಕಿ ಬದಲಾಗಿಲ್ಲ. ಈಗಲೂ ಭಟ್ಟಿಯಲ್ಲಿ ಮರಳು ಕಾಯಿಸಿ, ಅಕ್ಕಿ ಸುರಿದು, ಅರಳಿದ್ದನ್ನು ಜರಡಿ ಹಿಡಿಯುತ್ತಾರೆ. ಕೈಯಿಲ್ಲದ ಯಂತ್ರಗಳಿಂದ ಮಾಡಿಸಿ ನೋಡಿದರು. ಮಂಡಕ್ಕಿ ಥರ್ಮಕೋಲಿನಂತಾಯಿತು, ಊರಿನವರು ಉಗಿದರು. ಹಾಗಾಗಿ ಹೊಗೆಯೂ ಉಳಿಯಿತು, ಹೊಗೆ ಕುಡಿಯುವ ಹೆಂಗಸರೂ ಉಳಿದರು. ಪ್ರತಿ ಭಟ್ಟಿಯ ಗೋಡೆಗೆ ಒಂದು ಕಿವಿ ಹಚ್ಚಿದ್ದಾರೆ. ಸಂಬಳದ ತೆರಿಗೆ, ಆಸ್ಪತ್ರೆಯ ವಂತಿಗೆ, ಮುಪ್ಪಿನ ವಂತಿಗೆ ಎಲ್ಲವನ್ನೂ ಮುರಿದುಕೊಂಡು ಸರ್ಕಾರಕ್ಕೆ ಸಲ್ಲಿಸುವ ಯಂತ್ರದ ಕಿವಿ ಅದು. ಕಡತಗಳಲ್ಲಿ ಅದರ ಹೆಸರು ಸ್ವಯಂಸಲ್ಲಿಕೆ. ಹೆಂಗಸರು ಅದನ್ನು ಅತ್ತೆ ಎನ್ನುತ್ತಾರೆ. ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ, ಯಾವುದನ್ನೂ ಮರೆಯುವುದಿಲ್ಲ, ತಪ್ಪು ತನ್ನದು ಎಂದು ಒಮ್ಮೆಯೂ ಹೇಳುವುದಿಲ್ಲ.

ಯಂತ್ರ ಸಲ್ಲಿಸಿದ್ದನ್ನು ಯಂತ್ರವೇ ತಿದ್ದುವಂತಿಲ್ಲ. ಅದಕ್ಕೆ ಹೊಣೆಗಾರರ ಸಹಿ ಬೇಕು. ಕಾನೂನಿನ ಹಳೆಯ ಕಲಮಿನ ಪ್ರಕಾರ ಹೊಣೆಗಾರರಲ್ಲಿ ನಾಲ್ಕು ಬಗೆ. ಮೊದಲನೆಯವರು ಲೆಕ್ಕಪರಿಶೋಧಕರು, ಅವರು ದೊಡ್ಡ ಕಂಪನಿಗಳಿಗೆ ಹೋದರು, ಆಮೇಲೆ ಆ ಕಂಪನಿಗಳಿಗೂ ಬೇಡವಾದರು. ಎರಡನೆಯವರಾದ ತೆರಿಗೆ ವಕೀಲರು ಜಗಳವಿದ್ದಲ್ಲಿ ಮಾತ್ರ ಬರುವವರು, ಮಂಡಕ್ಕಿ ಭಟ್ಟಿಯ ಜಗಳ ಅವರ ಕಾರಿನ ಬಾಡಿಗೆಗೂ ಸಾಲದು. ನೂರಾರು ಅಂಗಡಿಗಳ ಸಂಬಳದ ಕೆಲಸವನ್ನು ಒಟ್ಟಿಗೆ ಮಾಡಿಕೊಡುತ್ತಿದ್ದ ಸಂಬಳ ಕಚೇರಿಯವರು ಮೂರನೆಯವರು. ಯಂತ್ರ ಮೊದಲು ನುಂಗಿದ್ದು ಅವರನ್ನೇ. ಉಳಿದದ್ದು ನಾಲ್ಕನೆಯ ಬಗೆ: ಮಾಲೀಕರು ನಂಬಿ ತಮ್ಮ ಕೈಯಾರೆ ಅಧಿಕಾರ ಬರೆದುಕೊಟ್ಟ ನೌಕರರು. ಪದವಿ ಬೇಡ, ಬೋರ್ಡು ಬೇಡ, ನಂಬಿಕೆಯಿದ್ದರೆ ಸಾಕು. ಈ ಊರಿನ ಭಟ್ಟಿಗಳಿಗೆಲ್ಲ ಆ ಬಗೆಯವಳು ನಾನೊಬ್ಬಳೇ ಇದ್ದೆ. ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ ಎಲ್ಲರೂ ನನ್ನ ಬಳಿಗೇ ಬರುತ್ತಿದ್ದರು, ನನಗೂ ಅದರಲ್ಲಿ ಸ್ವಲ್ಪ ಜಂಬವಿತ್ತು.

ಈಗ ನಡೆದದ್ದನ್ನು ಹೇಳುತ್ತೇನೆ. ತಿಂಗಳಿಗೊಮ್ಮೆ ಸಲ್ಲಿಕೆಗೆ ಮೊದಲು ಅತ್ತೆ ಹೆಸರು ಕರೆಯುತ್ತದೆ. ಇದಕ್ಕೆ ಕೂಗು ಎನ್ನುತ್ತೇವೆ. ಕೆಲಸದಲ್ಲಿರುವವರು ‘ಐದೀನಿ’, ಅಂದರೆ ಇದ್ದೇನೆ, ಎಂದು ಓಗೊಡಬೇಕು. ಆದರೆ ಮರಳು ಹದಕ್ಕೆ ಬಂದಾಗ ಬೆಂಕಿಯ ಮುಂದಿರುವವಳು ಬಾಯಿ ತೆರೆಯುವುದಿಲ್ಲ. ತೆರೆದರೆ ಹೊಗೆ ನೇರ ಎದೆಗಿಳಿಯುತ್ತದೆ. ಅದಕ್ಕೇ ಪಕ್ಕದಲ್ಲಿ ಜರಡಿ ಹಿಡಿಯುವವಳು ಅವಳ ಪರವಾಗಿ ಕೂಗುವುದು ಭಟ್ಟಿಯ ಪದ್ಧತಿ, ಅಜ್ಜಿಯರ ಕಾಲದ್ದು. ಖೈರುನ್‌ಬಿ ಬೆಂಕಿಯ ಮುಂದೆ ಕೂರುವವಳು, ಹಾಲಮ್ಮ ಜರಡಿಯವಳು. ಖೈರುನ್‌ಬಿಯ ಹೆಸರು ಬಂದಾಗಲೆಲ್ಲ ಹಾಲಮ್ಮನೇ ‘ಐದೀನಿ’ ಎನ್ನುತ್ತಿದ್ದಳು, ಕೆಲವೊಮ್ಮೆ ಗೆಳತಿಯ ದನಿಯನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದಳು. ಈ ವರ್ಷ ಗೋಡೆಗೆ ಹೊಸ ಕಿವಿ ಬಂತು. ಅದು ದನಿಗಳನ್ನು ಹೋಲಿಸಿ ನೋಡುತ್ತದೆ. ಎರಡು ಹೆಸರಿಗೆ ಒಂದೇ ದನಿ ಕೇಳಿ, ಇಬ್ಬರೂ ಒಬ್ಬಳೇ ಎಂದು ತೀರ್ಮಾನಿಸಿ, ಖೈರುನ್‌ಬಿಯನ್ನು ಹಾಲಮ್ಮನೊಳಗೆ ಸೇರಿಸಿಬಿಟ್ಟಿತು. ಇಬ್ಬರ ಸಂಬಳವೂ ಹಾಲಮ್ಮನಿಗೇ ಬರತೊಡಗಿತು. ಅವಳು ಅದೇ ದಿನ ಗೆಳತಿಯ ಪಾಲನ್ನು ತಂದುಕೊಡುತ್ತಿದ್ದಳು. ಯಂತ್ರಕ್ಕೆ ಮರುಳು ಹಿಡಿದಿದೆ ಎಂದು ಇಬ್ಬರೂ ನಕ್ಕರು, ನನಗೆ ಹೇಳುವಷ್ಟು ದೊಡ್ಡ ವಿಷಯವೆಂದು ಅವರಿಗೆ ಅನ್ನಿಸಲಿಲ್ಲ.

ಆಮೇಲೆ ಖೈರುನ್‌ಬಿಯ ಎದೆ ಕಟ್ಟಿತು. ದುಡಿಯುವವರ ಆಸ್ಪತ್ರೆಯ ಬಾಗಿಲು ಸಂಬಳದ ಸಲ್ಲಿಕೆಯಲ್ಲಿ ಹೆಸರಿದ್ದವರಿಗೆ ಮಾತ್ರ ತೆರೆಯುತ್ತದೆ. ಅವಳಿಗೆ ತೆರೆಯಲಿಲ್ಲ. ಹಾಲಮ್ಮ ಪಕ್ಕದಲ್ಲಿ ನಿಂತಾಗ ತೆರೆಯಿತು, ಆದರೆ ಹಾಲಮ್ಮನನ್ನಷ್ಟೇ ಒಳಗೆ ಬಿಟ್ಟುಕೊಂಡಿತು, ಅವಳ ಎದೆಯಲ್ಲಿ ಏನೂ ತೊಂದರೆಯಿಲ್ಲ ಎಂದು ಹೇಳಿ ಕಳಿಸಿತು. ಇಬ್ಬರೂ ಅಲ್ಲಿಂದ ನೇರವಾಗಿ ನನ್ನ ಮನೆಗೆ ಬಂದರು. ಖೈರುನ್‌ಬಿಗೆ ಮೂರು ಮೆಟ್ಟಿಲು ಹತ್ತಲಾಗಲಿಲ್ಲ, ಕೆಳಗೇ ಕೂತಳು. ಅವಳ ತುಟಿ ನೀಲಿಗಟ್ಟಿತ್ತು, ನಾನು ಆಗಲೇ ಅರ್ಜಿ ತೆಗೆದೆ.

ತಿದ್ದುಪಡಿಯ ಅರ್ಜಿ ಕೇಳುವುದು ಒಂದೇ ಪ್ರಶ್ನೆ: ತಪ್ಪು ಯಾರದು? ಉತ್ತರಕ್ಕೆ ಗುರುತು ಹಾಕಲು ಮಾಲೀಕ, ಕೆಲಸಗಾರ, ಹೊಣೆಗಾರ ಎಂದು ಮೂರೇ ಚೌಕದ ಮನೆಗಳಿವೆ. ಯಂತ್ರಕ್ಕೆ ಮನೆಯೇ ಇಲ್ಲ. ಮಾಲೀಕನದು ಎಂದರೆ ಭಟ್ಟಿಗೆ ಬೀಗ. ಕೆಲಸಗಾರನದು ಎಂದರೆ, ಸುಳ್ಳು ಓಗೊಟ್ಟ ಹಾಲಮ್ಮ ಜೀವಮಾನವಿಡೀ ಎಲ್ಲಿಯೂ ದುಡಿಯುವಂತಿಲ್ಲ. ಇದನ್ನು ನಾನು ಓದಿ ಹೇಳಿದೆ.

“ನನ್ನ ಹೆಸ್ರೇ ಬರೀರಿ ಮಂಗಳಕ್ಕಾ, ಕೂಗಿದ್ದು ನಾನೇ ಅಲ್ವಾ” ಎಂದಳು ಹಾಲಮ್ಮ. ಕೆಳಗೆ ಕೂತಿದ್ದ ಖೈರುನ್‌ಬಿ ಉಸಿರು ಎಳೆದೆಳೆದು, “ಬ್ಯಾಡಕ್ಕಾ. ಅವ್ಳ ಒಲೆ ಆರ್ಸಿ ನಾನು ಉಸ್ರಾಡ್ಲಾ? ಬ್ಯಾಡ” ಎಂದಳು. “ನೀನು ಬಾಯ್ಮುಚ್ಕಂಡು ಕುಂತ್ಕಾ, ಉಸ್ರೇ ಇಲ್ಲ, ಮಾತು ನೋಡು” ಎಂದು ಹಾಲಮ್ಮ ಬೈದಳು, ಬೈಯುತ್ತಲೇ ಅತ್ತಳು.

ನನಗೆ ಸಿಟ್ಟು ಬಂತು. ಇಬ್ಬರ ಮೇಲೂ ಅಲ್ಲ, ಮೂರೇ ಮನೆ ಬರೆದವರ ಮೇಲೆ. ಹೊಣೆಗಾರ ಎಂಬ ಮನೆಗೆ ಗುರುತು ಹಾಕಿ, ಹೆಸರುಗಳನ್ನು ಕೂಡಿಸಿದ ತಪ್ಪು ನನ್ನದೇ ಎಂದು ಬರೆದು ಸಹಿ ಮಾಡಿದೆ. ಅದು ಸುಳ್ಳು. ನನ್ನ ಬದುಕಿನಲ್ಲಿ ನಾನು ಸಲ್ಲಿಸಿದ ಒಂದೇ ಸುಳ್ಳು, ಅದಕ್ಕೆ ನನಗೆ ನಾಚಿಕೆಯಿಲ್ಲ. ಖೈರುನ್‌ಬಿಗೆ ಆಸ್ಪತ್ರೆಯ ಬಾಗಿಲು ತೆರೆಯಿತು. ತಪ್ಪು ಒಪ್ಪಿಕೊಂಡ ಹೊಣೆಗಾರರಿಗೆ ಮುಂದೆ ಸಹಿಯಿಲ್ಲವಾದ್ದರಿಂದ ಆಗಲೇ ನನ್ನ ಅಧಿಕಾರ ಹೋಯಿತು. ಹೊಸದಾಗಿ ನಾನು ಏನನ್ನೂ ಸಲ್ಲಿಸುವಂತಿಲ್ಲ; ಹಿಂದಿನ ವರ್ಷಗಳ ತಿದ್ದುಪಡಿಗೆ ಮಾತ್ರ ಈ ತಿಂಗಳು ಮುಗಿಯುವ ತನಕ ಅವಕಾಶ ಬಿಟ್ಟಿದ್ದಾರೆ. ನನ್ನ ಜಾಗಕ್ಕೆ ಮತ್ತೊಬ್ಬರನ್ನು ನೇಮಿಸಲು ಭಟ್ಟಿಯ ಮಾಲೀಕರು ಕೇಳಿದರು. ನಾಲ್ಕನೆಯ ಬಗೆಯನ್ನು ಕಲಮಿನಿಂದ ತೆಗೆದು ಎಷ್ಟೋ ವರ್ಷಗಳಾಗಿವೆ, ಇದ್ದವರು ಇರುವ ತನಕ ಅಷ್ಟೇ ಎಂದು ಉತ್ತರ ಬಂತು.

ಆದರೆ ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ನಿಮಗೆ ಬರೆಯುತ್ತಿರಲಿಲ್ಲ. ಖೈರುನ್‌ಬಿಯ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಬೇಕು. ಅವಳು ರಜೆಯಲ್ಲಿದ್ದಾಳೆಂದು ಬರೆದು ಸಹಿ ಹಾಕಲು ಈಗ ಹೊಣೆಗಾರರಿಲ್ಲ. ಮೂರು ಕೂಗಿಗೆ ಓಗೊಡದವರ ಹೆಸರು ಸಲ್ಲಿಕೆಯಿಂದ ಬೀಳುತ್ತದೆ, ಹೆಸರು ಬಿದ್ದರೆ ಆಸ್ಪತ್ರೆಯ ಹಾಸಿಗೆಯೂ ಹೋಗುತ್ತದೆ. ಸಂಬಳವಿಲ್ಲದ ಈ ತಿಂಗಳಲ್ಲೂ ಕೂಗು ತಪ್ಪುವುದಿಲ್ಲ, ಇವತ್ತು ಮೊದಲನೆಯದು. ನಾನು ಭಟ್ಟಿಗೆ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಹಾಲಮ್ಮನ ಹೆಸರು ಬಂತು, ಅವಳು ಸಣ್ಣಗೆ ಓಗೊಟ್ಟಳು. ಖೈರುನ್‌ಬಿಯ ಹೆಸರು ಬಂತು. ಹಾಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಮೊದಲಾಗಿದ್ದರೆ ಹತ್ತು ಬಾಯಿ ಒಟ್ಟಿಗೆ ಕೂಗುತ್ತಿದ್ದವು. ಇವತ್ತು ಗೋಡೆಯ ಹೊಸ ಕಿವಿಗೆ ಹೆದರಿ ಎಲ್ಲರೂ ಜರಡಿಯತ್ತ ತಲೆ ಬಗ್ಗಿಸಿದರು. ನನಗೆ ತಡೆಯಲಾಗಲಿಲ್ಲ, ಬಾಗಿಲಿನಿಂದಲೇ “ಐದಾಳೆ!” ಎಂದು ಕೂಗಿದೆ. ಗುರುತಿಲ್ಲದ ದನಿ ಎಂದು ಹೇಳಿ ಅತ್ತೆ ಮುಂದಿನ ಹೆಸರು ಕರೆಯಿತು.

ಹಿರಿಯರೇ, ನಿಮ್ಮ ಬೀದಿಗಳಲ್ಲಿ ಈ ಕಸುಬಿನವರಾಗಿ ನೀವು ಇನ್ನೂ ಇದ್ದೀರಿ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಸರ್ವರ್ ಡೌನ್ ಎಂದು ಗೊಣಗುತ್ತ, ಯಾರದೋ ಸಂಬಳದ ತೆರಿಗೆ ಕಟ್ಟುವವರು, ತಪ್ಪಾದರೆ ಬೈಸಿಕೊಳ್ಳಲಿಕ್ಕೆ ಕೈಗೆ ಸಿಗುವವರು. ಒಂದು ದಿನ ನಾಲ್ಕನೆಯ ಬಗೆಯನ್ನು ಅಳಿಸುವ ಕರಡು ನಿಮ್ಮ ಮುಂದೆ ಬರುತ್ತದೆ. ಆಕ್ಷೇಪಣೆ ಇದೆಯೇ ಎಂದು ಕೇಳುತ್ತಾರೆ. ಬಿಡುವಿಲ್ಲ ಎಂದು ಸುಮ್ಮನಿರಬೇಡಿ. ಆ ಬಗೆ ಉಳಿದರೆ ಖೈರುನ್‌ಬಿಯ ರಜೆಗೆ ಸಹಿ ಹಾಕಲು ಇಲ್ಲಿ ಒಬ್ಬರಾದರೂ ಇರುತ್ತಾರೆ. ನನಗೆ ಬಹಳ ಭಯವಾಗುತ್ತಿದೆ, ಇನ್ನೆರಡು ಕೂಗು ಉಳಿದಿವೆ. ಅವಳಿದ್ದಾಳೆ ಎಂದು ನೀವೇ ಹೇಳಿ. ನಿಮ್ಮ ದನಿಗೆ ಇನ್ನೂ ಗುರುತಿದೆ.